ತೂಕ ಎತ್ತುವವರಿಗೆ 16:8 ಉಪವಾಸ: ಸೊಂಟ ಇಳಿಯಿತು, ಬೆಂಚ್ ಕೂಡ ಇಳಿಯುತ್ತಿದೆ

ಬೆಂಚ್‌ಪ್ರಿಯ

ಎಲ್ಲರಿಗೂ ನಮಸ್ಕಾರ. ನನ್ನ ತೂಕ 78 ಕೆಜಿ. ಜಿಮ್ ನನಗೆ ಹೊಸದಲ್ಲ, ವಾರಕ್ಕೆ ನಾಲ್ಕು ದಿನ ಎತ್ತುತ್ತೇನೆ. ಕೆಲವು ತಿಂಗಳಿಂದ 16:8 ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡುತ್ತಿದ್ದೇನೆ, ಅಂದರೆ 16 ಗಂಟೆ ಉಪವಾಸ, ಉಳಿದ 8 ಗಂಟೆಯೊಳಗೆ ಊಟ. ಮಧ್ಯಾಹ್ನ 12ಕ್ಕೆ ಮೊದಲ ಊಟ, ರಾತ್ರಿ 8ಕ್ಕೆ ಕೊನೆಯದು. ವರ್ಕೌಟ್ ಬೆಳಗ್ಗೆ 6ಕ್ಕೆ, ಖಾಲಿ ಹೊಟ್ಟೆಯಲ್ಲಿ. ಅದಾದ ಮೇಲೆ 12ರ ತನಕ ನೀರು, ಬ್ಲ್ಯಾಕ್ ಕಾಫಿ ಅಷ್ಟೇ.

ಸೊಂಟ ಚೆನ್ನಾಗಿ ಇಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಚ್ ಪ್ರೆಸ್‌ನಲ್ಲಿ 80 ಕೆಜಿಗೆ 6 ರೆಪ್ (ನಿಲ್ಲಿಸದೆ ಆರು ಬಾರಿ ಎತ್ತುವುದು) ಬರುತ್ತಿತ್ತು, ಈಗ 4ಕ್ಕೇ ಕೈ ಸೋಲುತ್ತದೆ. ಸ್ಕ್ವಾಟ್ ಹೇಗಿತ್ತೋ ಹಾಗೇ ಇದೆ. ಟ್ರೈನರ್ ಹೇಳುತ್ತಾರೆ, ಖಾಲಿ ಹೊಟ್ಟೆಯಲ್ಲಿ ಎತ್ತಿದರೆ ದೇಹ ತನ್ನ ಸ್ನಾಯುವನ್ನೇ ತಿಂದುಬಿಡುತ್ತದೆ ಅಂತ. ಗೆಳೆಯನೊಬ್ಬ ಹೇಳುತ್ತಾನೆ, ಉಪವಾಸದಲ್ಲಿ ಗ್ರೋತ್ ಹಾರ್ಮೋನ್ ಏರುತ್ತದೆ, ಸ್ನಾಯುವಿಗೆ ಏನೂ ಆಗುವುದಿಲ್ಲ ಅಂತ. ಇಬ್ಬರೂ ಅಷ್ಟು ಖಡಾಖಂಡಿತವಾಗಿ ಹೇಳುತ್ತಾರೆ. ಯಾರನ್ನು ನಂಬಲಿ? ಮುಂದುವರಿಸಲಾ, ಬಿಡಲಾ?

ಹಳೇಜಿಮ್

ಬಿಟ್ಟುಬಿಡಿ ಸರ್. ಸ್ನಾಯು ಬೇಕು ಅಂದರೆ ತಿನ್ನಬೇಕು. ಎರಡು ಮೂರು ಗಂಟೆಗೊಮ್ಮೆ ಪ್ರೋಟೀನ್ ಹೊಟ್ಟೆಗೆ ಬೀಳಬೇಕು. ನಾವೆಲ್ಲ ದಿನಕ್ಕೆ ಆರು ಸಲ ತಿಂದೇ ಮೈ ಕಟ್ಟಿದ್ದು. ಹದಿನಾರು ಗಂಟೆ ಹಸಿದುಕೊಂಡು ಇದ್ದರೆ ಬೆಂಚ್ ಇಳಿಯದೆ ಇನ್ನೇನಾಗುತ್ತದೆ?

ಕಬ್ಬಿಣಶಾಲೆ

ಹಳೇಜಿಮ್ ಅಣ್ಣ, ಆರು ಸಲ ತಿಂದು ಮೈ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೆ ಮೂರು ಸಲ ತಿಂದು ಕಟ್ಟಿದವರೂ ಇದ್ದಾರೆ. ಬೆಂಚ್‌ಪ್ರಿಯ ಅವರು ಕೇಳಿದ ಪ್ರಶ್ನೆಗೆ ಹತ್ತಿರದ ಪ್ರಯೋಗವೇ ನಡೆದಿದೆ, ಅದರಿಂದ ಶುರು ಮಾಡುತ್ತೇನೆ.

2016ರಲ್ಲಿ ಇಟಲಿಯ ಮೋರೋ ಮತ್ತು ಜೊತೆಗಾರರು 34 ಗಂಡಸರನ್ನು ಎಂಟು ವಾರ ನೋಡಿದರು. ಎಲ್ಲರೂ ಮೊದಲಿಂದಲೇ ತೂಕ ಎತ್ತುತ್ತಿದ್ದವರು, ಹೊಸಬರಲ್ಲ. ಅರ್ಧ ಜನ ಬೆಳಗ್ಗೆ 8, ಮಧ್ಯಾಹ್ನ 1, ರಾತ್ರಿ 8ಕ್ಕೆ ತಿಂದರು. ಉಳಿದವರು ಮಧ್ಯಾಹ್ನ 1, ಸಂಜೆ 4, ರಾತ್ರಿ 8ಕ್ಕೆ. ಅಂದರೆ 16:8. ಎರಡೂ ಕಡೆ ಕ್ಯಾಲೊರಿ ಹತ್ತಿರ ಹತ್ತಿರ ಒಂದೇ, ಪ್ರೋಟೀನ್ ಚೆನ್ನಾಗಿತ್ತು. ಉಪವಾಸದ ಗುಂಪಿನಲ್ಲಿ ಕೊಬ್ಬು ಸುಮಾರು 16 ಪ್ರತಿಶತ ಇಳಿಯಿತು, ಇನ್ನೊಂದರಲ್ಲಿ ಸುಮಾರು 3. ಸ್ನಾಯು ಎರಡೂ ಕಡೆ ಉಳಿಯಿತು. ಬಲವೂ ಉಳಿಯಿತು. ಹಾಗಾಗಿ "ಹದಿನಾರು ಗಂಟೆ ತಿನ್ನದಿದ್ದರೆ ಸ್ನಾಯು ಹೋಗಿಯೇ ಹೋಗುತ್ತದೆ" ಅನ್ನುವ ಮಾತು ನಿಲ್ಲುವುದಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಆ ಗಂಡಸರು ಎತ್ತುತ್ತಿದ್ದುದು ಸಂಜೆ 4ರಿಂದ 6ರೊಳಗೆ. ಅಷ್ಟು ಹೊತ್ತಿಗೆ ಹೊಟ್ಟೆಗೆ ಊಟ ಬಿದ್ದಿರುತ್ತಿತ್ತು, ಆಮೇಲೆ 8ಕ್ಕೆ ಮತ್ತೆ ಊಟ. ನೀವು ಎತ್ತುವುದು ಉಪವಾಸದ ನಡುವಲ್ಲಿ, ಮುಗಿದ ಮೇಲೂ ನಾಲ್ಕೈದು ಗಂಟೆ ಏನೂ ಇಲ್ಲ. ಹೆಸರು ಒಂದೇ 16:8 ಆದರೂ ನಿಮ್ಮದು ಅವರದರ ಹಾಗೇ ಅಲ್ಲ.

ಇನ್ನೊಂದು ಪ್ರಯೋಗವೂ ಇದೆ, ಅದು ಇನ್ನೊಂದು ಕಡೆ ತೋರಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಟಿನ್ಸ್‌ಲಿ ಅವರ ತಂಡ ಹೊಸದಾಗಿ ಎತ್ತಲು ಶುರು ಮಾಡಿದ ಹುಡುಗರನ್ನು ನೋಡಿತು. ವರ್ಕೌಟ್ ಇಲ್ಲದ ದಿನ ಬರೀ ನಾಲ್ಕು ಗಂಟೆಯ ವಿಂಡೋ, ಅಂದರೆ ತಿನ್ನುವ ಹೊತ್ತು. ಆ ದಿನಗಳಲ್ಲಿ ಅವರು ತಿಂದದ್ದು ಸುಮಾರು 650 ಕ್ಯಾಲೊರಿ ಕಡಿಮೆ, ಪ್ರೋಟೀನ್ ಕೆಜಿ ತೂಕಕ್ಕೆ 1 ಗ್ರಾಂ ಆಸುಪಾಸು. ಬಲ ಏರಿತು, ಸ್ನಾಯು ಮಾತ್ರ ಏರಲಿಲ್ಲ. ಮಾಮೂಲಿ ತಿಂದವರಿಗೆ ಎರಡು ಕೆಜಿಯಷ್ಟು ಏರಿತ್ತು. ಗುಂಪು ಚಿಕ್ಕದು, ಅಂಕಿಅಂಶದ ಲೆಕ್ಕದಲ್ಲಿ ಇದು ಗಟ್ಟಿ ವ್ಯತ್ಯಾಸ ಅಂತ ಹೇಳಲಾಗದು. ಆದರೂ ದಿಕ್ಕು ಸ್ಪಷ್ಟವಾಗಿಯೇ ಇದೆ, ಅಲ್ವಾ?

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಗಡಿಯಾರ ಅಲ್ಲ, ಪ್ರೋಟೀನ್. ಅದಕ್ಕೇ ಕೇಳುತ್ತೇನೆ: ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ತಿನ್ನುತ್ತೀರಿ? ಅಂದಾಜಲ್ಲ, ನಿನ್ನೆ ತಿಂದದ್ದನ್ನು ಒಂದೊಂದಾಗಿ ಬರೆಯಿರಿ.

ಬೆಂಚ್‌ಪ್ರಿಯ

ಥ್ಯಾಂಕ್ಸ್ ಸರ್. ನಿನ್ನೆಯದು ಹೀಗಿದೆ. 12ಕ್ಕೆ ಮೂರು ಮೊಟ್ಟೆ, ಬೇಯಿಸಿದ ಬೇಳೆ 150 ಗ್ರಾಂ, ಜೊತೆಗೆ ಅನ್ನ. ಸಂಜೆ ಒಂದು ಲೋಟ ಹಾಲು. ರಾತ್ರಿ ಬೇಯಿಸಿದ ಚಿಕನ್ 100 ಗ್ರಾಂ, ಮತ್ತೆ ಅನ್ನ, ತರಕಾರಿ. ಹೊಟ್ಟೆ ತುಂಬಿರುತ್ತದೆ, ಅದಕ್ಕೇ ಸಾಕಾಗುತ್ತಿದೆ ಅಂದುಕೊಂಡಿದ್ದೆ.

ಕಬ್ಬಿಣಶಾಲೆ

ಲೆಕ್ಕ ಹಾಕೋಣ. ಒಂದು ಮೊಟ್ಟೆಗೆ 6 ಗ್ರಾಂ, ಮೂರಕ್ಕೆ 18. ಬೇಯಿಸಿದ ಬೇಳೆಯಲ್ಲಿ 100 ಗ್ರಾಮಿಗೆ 9ರಷ್ಟು, ನಿಮ್ಮ ಬಟ್ಟಲಿಗೆ 13. ಹಾಲು 8. ಚಿಕನ್ 30. ಎರಡು ಹೊತ್ತಿನ ಅನ್ನ, ತರಕಾರಿ ಸೇರಿ 12 ಅಂತಿಟ್ಟುಕೊಳ್ಳಿ. ಒಟ್ಟು 81.

ಈಗ ಬೇಕಾದದ್ದು ಎಷ್ಟು? 2018ರಲ್ಲಿ ಮಾರ್ಟನ್ ಮತ್ತು ಇತರರು 49 ಪ್ರಯೋಗಗಳನ್ನು, ಅವುಗಳಲ್ಲಿದ್ದ 1,863 ಜನರನ್ನು ಒಟ್ಟಿಗೆ ಲೆಕ್ಕ ಹಾಕಿದರು. ತೂಕ ಎತ್ತುವವರಲ್ಲಿ ದಿನಕ್ಕೆ ಕೆಜಿಗೆ 1.6 ಗ್ರಾಂ ತನಕ ಪ್ರೋಟೀನ್ ಏರಿಸಿದಷ್ಟೂ ಸ್ನಾಯುವಿಗೆ ಲಾಭ, ಅದರ ಮೇಲೆ ಸರಾಸರಿಯಲ್ಲಿ ಹೆಚ್ಚೇನೂ ಸಿಗಲಿಲ್ಲ. ಕೆಲವರಿಗೆ 2.2ರ ತನಕ ಬೇಕಾಗಬಹುದು ಅನ್ನುವಷ್ಟು ಜಾಗ ಬಿಟ್ಟಿದ್ದಾರೆ. ನೀವು ಕ್ಯಾಲೊರಿ ಕಡಿಮೆ ಮಾಡಿದ್ದೀರಿ, ಹಾಗಿದ್ದಾಗ 1.6ಕ್ಕಿಂತ ಕೆಳಗೆ ಇಳಿಯಲೇಬಾರದು. 78ಕ್ಕೆ 1.6 ಅಂದರೆ 125 ಗ್ರಾಂ. ನಿಮಗೆ 44 ಗ್ರಾಂ ಖೋತಾ.

ಅದನ್ನು ತುಂಬುವುದು ಕಷ್ಟವಿಲ್ಲ. ವರ್ಕೌಟ್ ಆದ ಮೇಲೆ ಒಂದು ಸ್ಕೂಪ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), 24 ಗ್ರಾಂ. ರಾತ್ರಿ ಚಿಕನ್ 150 ಗ್ರಾಂ ಮಾಡಿ, 15 ಏರುತ್ತದೆ. ಮಧ್ಯಾಹ್ನ ಇನ್ನೊಂದು ಮೊಟ್ಟೆ. 126 ಆಯಿತು. ಅಷ್ಟು ಕ್ಯಾಲೊರಿಯನ್ನು ಅನ್ನದಲ್ಲಿ ಕಡಿಮೆ ಮಾಡಿದರೆ ತೂಕ ಇಳಿಯುವುದೂ ನಿಲ್ಲುವುದಿಲ್ಲ.

ಉಪವಾಸಿ

ಕಬ್ಬಿಣಶಾಲೆ ಸರ್, ವರ್ಕೌಟ್ ಆದ ಕೂಡಲೇ ವೇ ಕುಡಿದರೆ ಉಪವಾಸ ಮುರಿಯಿತಲ್ಲ? ಉಪವಾಸದ ಲಾಭ ಇರುವುದೇ ಆ ಕೊನೆಯ ಗಂಟೆಗಳಲ್ಲಿ. ಗ್ರೋತ್ ಹಾರ್ಮೋನ್ ಹಲವು ಪಟ್ಟು ಏರುತ್ತದೆ. ಆಟೋಫಜಿ ಶುರುವಾಗುತ್ತದೆ, ಹಳೇ ಜೀವಕೋಶಗಳು ಸ್ವಚ್ಛ ಆಗುತ್ತವೆ. ಅದಕ್ಕೆ ನೊಬೆಲ್ ಕೂಡ ಬಂದಿದೆ. ಒಂದು ಸ್ಕೂಪ್‌ಗಾಗಿ ಇದನ್ನೆಲ್ಲ ಕಳೆದುಕೊಳ್ಳುವುದು ಯಾಕೆ?

ಕಬ್ಬಿಣಶಾಲೆ

ಗ್ರೋತ್ ಹಾರ್ಮೋನ್ ಏರುವುದು ನಿಜ. ಎರಡು ದಿನ ಪೂರ್ತಿ ಏನೂ ತಿನ್ನದೆ ಇದ್ದವರಲ್ಲಿ ಅದು ಹಲವು ಪಟ್ಟು ಏರಿದ್ದನ್ನು ಅಳೆದಿದ್ದಾರೆ. ಆದರೆ ಅದು ಎರಡು ದಿನದ ಮಾತು, ಹದಿನಾರು ಗಂಟೆಯದಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಹೊತ್ತಿನಲ್ಲಿ ಆ ಹಾರ್ಮೋನ್ ಮಾಡುವ ಕೆಲಸ ಸ್ನಾಯು ಬೆಳೆಸುವುದಲ್ಲ. ಕೊಬ್ಬನ್ನು ಹೊರಗೆ ತಂದು ಉರಿಸಲು ಕೊಡುವುದು, ಪ್ರೋಟೀನ್ ಒಡೆಯದಂತೆ ತಡೆಯುವುದು. ಬೆಳವಣಿಗೆಯಲ್ಲಿ ಅದರ ಜೊತೆ ಕೆಲಸ ಮಾಡುವ ಐಜಿಎಫ್-1 ಉಪವಾಸದಲ್ಲಿ ಇಳಿಯುತ್ತದೆ. ಮೋರೋ ಅವರ ಪ್ರಯೋಗದಲ್ಲೂ 16:8 ಗುಂಪಿನಲ್ಲಿ ಐಜಿಎಫ್-1 ಇಳಿಯಿತು, ಟೆಸ್ಟೋಸ್ಟೆರಾನ್ ಕೂಡ ಇಳಿಯಿತು. ಹಾಗಿದ್ದೂ ಅವರ ಸ್ನಾಯು, ಬಲ ಎರಡೂ ಉಳಿದವು. ಹಾಗಾಗಿ ಹಾರ್ಮೋನ್ ಏರಿತು ಅಂತ ಹಿಗ್ಗುವುದೂ ಬೇಡ, ಇಳಿಯಿತು ಅಂತ ಕುಗ್ಗುವುದೂ ಬೇಡ. ಬಾರ್ ಮೇಲೆ ಎಷ್ಟು ತೂಕ ಇದೆ, ಅದನ್ನು ನೋಡಿ.

ಆಟೋಫಜಿ ಬಗ್ಗೆ. ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು, ಹೌದು. ಅವರು ಅದರ ಜೀನ್‌ಗಳನ್ನು ಕಂಡುಹಿಡಿದದ್ದು ಯೀಸ್ಟ್‌ನಲ್ಲಿ. ಜೀವಕೋಶ ತನ್ನ ಹಳೇ ಭಾಗಗಳನ್ನು ಒಡೆದು ಮತ್ತೆ ಬಳಸುವ ವ್ಯವಸ್ಥೆ ಅದು, ನಮ್ಮೆಲ್ಲರಲ್ಲೂ ಸದಾ ಸ್ವಲ್ಪ ನಡೆಯುತ್ತಲೇ ಇರುತ್ತದೆ. ವ್ಯಾಯಾಮದಿಂದಲೂ ಏರುತ್ತದೆ. 16 ಗಂಟೆಗೆ ಸರಿಯಾಗಿ ಒಂದು ಸ್ವಿಚ್ ಬೀಳುತ್ತದೆ ಅಂತ ಆ ನೊಬೆಲ್ ಹೇಳಿಲ್ಲ. ಗಡಿಯಾರ ನೋಡಿಕೊಂಡು ಪ್ರೋಟೀನ್ ಬಿಡುವುದಕ್ಕೆ ಅದು ಕಾರಣ ಆಗಲಾರದು.

ಉಪವಾಸಿ

ಜೀನ್ ಕಂಡುಹಿಡಿದದ್ದು ಯೀಸ್ಟ್‌ನಲ್ಲಿ ಅನ್ನುವುದು ಗೊತ್ತಿರಲಿಲ್ಲ. ಸರಿ, ಒಪ್ಪಿದೆ. ಆದರೂ ಬೆಳಗ್ಗೆ ತಿನ್ನದೆ ಇದ್ದರೆ ನನಗೆ ತಲೆ ಹಗುರ, ಕೆಲಸದಲ್ಲಿ ಗಮನ ಜಾಸ್ತಿ. ಅದನ್ನು ಮಾತ್ರ ಯಾರೂ ಸುಳ್ಳು ಅನ್ನಬೇಡಿ.

ಕಬ್ಬಿಣಶಾಲೆ

ಯಾಕೆ ಅನ್ನಲಿ? ನಿಮಗೆ ಹಾಗೆ ಒಗ್ಗಿದೆ, ಮುಂದುವರಿಸಿ. ಎಷ್ಟೋ ಜನರಿಗೆ ಉಪವಾಸ ಹಿಡಿಸುವುದೇ ಅದಕ್ಕೆ. ದಿನವಿಡೀ ಚೂರು ಚೂರು ತಿಂದು ಹಸಿದೇ ಇರುವುದಕ್ಕಿಂತ, ಎರಡು ಮೂರು ಸಲ ಹೊಟ್ಟೆ ತುಂಬಾ ತಿನ್ನುವುದು ಅವರಿಗೆ ನೆಮ್ಮದಿ. ಸ್ವೀಡನ್ನಿನ ಮಾರ್ಟಿನ್ ಬರ್ಖನ್ ಲೀನ್‌ಗೇನ್ಸ್ ಹೆಸರಲ್ಲಿ 16:8 ಅನ್ನು ಲಿಫ್ಟರ್‌ಗಳ ನಡುವೆ ಹರಡಿದ್ದೂ ಹೀಗೇ: ದೊಡ್ಡ ಊಟ, ಕೈತುಂಬಾ ಪ್ರೋಟೀನ್, ಭಾರದ ವರ್ಕೌಟ್. ಜನ ಅದರಿಂದ ಉಪವಾಸವನ್ನು ಮಾತ್ರ ಎತ್ತಿಕೊಂಡು ಉಳಿದೆರಡನ್ನು ಬಿಟ್ಟರು. ನನ್ನ ಬೇಜಾರು ಅದೊಂದೇ.

ಹಳೇಜಿಮ್

ಅಂಕಿಅಂಶ ಓದಿದೆ. ಆದರೆ ಒಂದು ಸಲಕ್ಕೆ 30 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ದೇಹ ತೆಗೆದುಕೊಳ್ಳುವುದಿಲ್ಲ ಅಲ್ವಾ? ಎರಡೇ ಊಟದಲ್ಲಿ 125 ತುಂಬಿದರೆ ಅರ್ಧ ದಂಡ.

ಪ್ರಯೋಗಾಲಯ

ಇದಕ್ಕೆ ನಾನು ಉತ್ತರಿಸುತ್ತೇನೆ. ಕರುಳು ಹೀರಿಕೊಳ್ಳುವುದಕ್ಕೆ ಅಂಥ ಮಿತಿ ಇಲ್ಲ. ತಡವಾಗುತ್ತದೆ ಅಷ್ಟೇ, ಹೋಗುವುದು ದೇಹಕ್ಕೇ. ಪ್ರಶ್ನೆ ಇರುವುದು ಸ್ನಾಯು ಅದರಲ್ಲಿ ಎಷ್ಟನ್ನು ಕಟ್ಟಲು ಬಳಸುತ್ತದೆ ಅನ್ನುವುದರಲ್ಲಿ.

2013ರಲ್ಲಿ ಅರೆಟಾ ಮತ್ತಿತರರು ವರ್ಕೌಟ್ ಆದ ಮೇಲಿನ 12 ಗಂಟೆಯಲ್ಲಿ 80 ಗ್ರಾಂ ವೇಯನ್ನು ಮೂರು ಬಗೆಯಲ್ಲಿ ಹಂಚಿ ನೋಡಿದರು. ಮೂರು ಗಂಟೆಗೊಮ್ಮೆ 20 ಗ್ರಾಂ ಕೊಟ್ಟದ್ದು, ಆರು ಗಂಟೆಗೊಮ್ಮೆ 40 ಕೊಟ್ಟದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಇದು ಹಳೇಜಿಮ್ ಅವರ ಮಾತಿನ ಪರ. ಆದರೆ ಅಲ್ಲಿ ಊಟ ಇರಲಿಲ್ಲ, ಬರೀ ವೇ. ವೇ ಬೇಗ ಕರಗುವ ಪ್ರೋಟೀನ್. 2023ರಲ್ಲಿ ನೆದರ್‌ಲೆಂಡ್ಸ್‌ನ ಟ್ರೊಮ್ಮೆಲೆನ್ ಮತ್ತಿತರರು ವರ್ಕೌಟ್ ಆದ ಮೇಲೆ ಒಂದೇ ಸಲಕ್ಕೆ 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟು 12 ಗಂಟೆ ಬೆನ್ನುಹತ್ತಿದರು. 25 ಗ್ರಾಂ ಕುಡಿದವರಿಗಿಂತ 100 ಗ್ರಾಂ ಕುಡಿದವರಲ್ಲಿ ಸ್ನಾಯು ಕಟ್ಟುವ ಕೆಲಸ ಜಾಸ್ತಿ ನಡೆಯಿತು, ಜಾಸ್ತಿ ಹೊತ್ತೂ ನಡೆಯಿತು. ದಂಡ ಆಗಲಿಲ್ಲ.

ಹಾಗಾಗಿ ಎರಡು ದೊಡ್ಡ ಊಟಕ್ಕೆ ಹೆದರಬೇಕಿಲ್ಲ. ಆದರೂ ಎಂಟು ಗಂಟೆಯಲ್ಲಿ ಮೂರು ಊಟ ಸುಲಭವಾಗಿ ಹಿಡಿಸುತ್ತದೆ, ಒಂದೊಂದಕ್ಕೆ 40 ಗ್ರಾಂ ಚಿಲ್ಲರೆ ಬಂದರೆ 125 ಆಯಿತು. ನಾನಾದರೆ ಮೂರನ್ನೇ ಆರಿಸುತ್ತೇನೆ. ದಿನಕ್ಕೆ ಒಂದೇ ಊಟ ಮಾಡುವ ಲಿಫ್ಟರ್‌ಗಳನ್ನು ಕಂಡರೆ ನನಗೆ ಕಾಳಜಿ ಆಗುತ್ತದೆ. ಅಷ್ಟು ಪ್ರೋಟೀನ್‌ನ ಆಹಾರವನ್ನು ಒಂದೇ ಸಲ ಕೂತು ತಿಂದು ಮುಗಿಸುವುದೇ ಕಷ್ಟ, ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ.

ಬೆಂಚ್‌ಪ್ರಿಯ

ಹಾಗಾದರೆ ಟ್ರೈನರ್ ಹೇಳಿದ "ಖಾಲಿ ಹೊಟ್ಟೆ" ವಿಷಯ? ಬೆಳಗ್ಗೆ 6ಕ್ಕೆ ಮೈಯಲ್ಲಿ ಶಕ್ತಿಯೇ ಇರುವುದಿಲ್ಲವಾ?

ಪ್ರಯೋಗಾಲಯ

ಇರುತ್ತದೆ. ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಎರಡು ಕಡೆ ಇರುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಒಟ್ಟು 300ರಿಂದ 500 ಗ್ರಾಂ. ರಾತ್ರಿ ನಿದ್ದೆಯಲ್ಲಿ ಖರ್ಚಾಗುವುದು ಯಕೃತ್ತಿನದು, ಅದು ಮಿದುಳಿಗೆ ಹೋಗುತ್ತದೆ. ಸ್ನಾಯುವಿನ ಗ್ಲೈಕೋಜನ್ ಆಯಾ ಸ್ನಾಯುವಿನ ಸ್ವಂತ ಜೇಬಿನ ದುಡ್ಡು, ಬೇರೆಯವರಿಗೆ ಕೊಡಲಾಗದು. ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವವೇ ಸ್ನಾಯುವಿನಲ್ಲಿ ಇಲ್ಲ. ಹಾಗಾಗಿ ರಾತ್ರಿ 8ಕ್ಕೆ ಚೆನ್ನಾಗಿ ಉಂಡಿದ್ದರೆ ಬೆಳಗ್ಗೆ ಎದೆ, ತೊಡೆಯಲ್ಲಿ ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಭಾರದ ಒಂದು ವರ್ಕೌಟ್ ಆ ಸ್ನಾಯುವಿನ ಸಂಗ್ರಹದಲ್ಲಿ ಕಾಲು ಭಾಗದಿಂದ 40 ಪ್ರತಿಶತದ ತನಕ ಖರ್ಚು ಮಾಡಬಹುದು. ಬರಿದಾಗುವುದಿಲ್ಲ.

ಆದರೆ ತಲೆಗೆ ಅನಿಸುವುದು ಬೇರೆ. ಕೆಲವರಿಗೆ ಮೂರನೇ ಸೆಟ್ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ಸ್ಕ್ವಾಟ್‌ನಿಂದ ಮೇಲೆದ್ದಾಗ ಜೋಮು ಬಂದ ಹಾಗೆ ಆಗುತ್ತದೆ. ಅದು ಬಹಳ ಸಲ ಹಸಿವಿನದಲ್ಲ, ನೀರು ಮತ್ತು ಉಪ್ಪಿನದು. ತಿನ್ನದೆ ಇದ್ದಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಸೋಡಿಯಂ ಜಾಸ್ತಿ ಹೊರಗೆ ಬಿಡುತ್ತದೆ, ಅದರ ಜೊತೆ ನೀರೂ ಹೋಗುತ್ತದೆ. ಎದ್ದ ಕೂಡಲೇ ಅರ್ಧ ಲೀಟರ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕುಡಿದು ನೋಡಿ. ಬಿಪಿ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ. ಬ್ಲ್ಯಾಕ್ ಕಾಫಿ ಕುಡಿಯಬಹುದು, ಕೆಫೀನ್ ಎತ್ತುವಾಗ ನಿಜಕ್ಕೂ ಸಹಾಯ ಮಾಡುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಕಾಡುವುದು ಎತ್ತುವ ಮುಂಚಿನ ಖಾಲಿ ಹೊಟ್ಟೆ ಅಲ್ಲ, ಎತ್ತಿದ ಮೇಲಿನದು. ತೂಕ ಎತ್ತಿದಾಗ ಸ್ನಾಯು ಕಟ್ಟುವ ಕೆಲಸವೂ ಏರುತ್ತದೆ, ಒಡೆಯುವುದೂ ಏರುತ್ತದೆ. ಹೊಟ್ಟೆಗೆ ಏನೂ ಬೀಳದ ತನಕ ಒಟ್ಟು ಲೆಕ್ಕ ನಷ್ಟದಲ್ಲೇ ಇರುತ್ತದೆ. ಪ್ರೋಟೀನ್ ಬಂದ ಮೇಲೆ ಲಾಭಕ್ಕೆ ತಿರುಗುತ್ತದೆ. ಆ ಏರಿಕೆ ಒಂದೆರಡು ದಿನ ಇರುತ್ತದೆ, ಹಾಗಾಗಿ ಅರ್ಧ ಗಂಟೆಯೊಳಗೆ ಕುಡಿಯಲೇಬೇಕು ಅನ್ನುವ ಗಾಬರಿ ಬೇಡ. ಆದರೆ ರಾತ್ರಿ 8ರಿಂದ ಏನೂ ತಿನ್ನದೆ, 6ಕ್ಕೆ ಎತ್ತಿ, 12ರ ತನಕ ಕಾಯುವುದು ಸುಮ್ನೆ ಎಳೆದ ಹಾಗೆ. ವಿಂಡೋವನ್ನು ಮುಂದಕ್ಕೆ ತನ್ನಿ, 7.30ಕ್ಕೆ ತೆರೆಯಿರಿ.

ಸ್ಕ್ವಾಟ್‌ಅಕ್ಕ

ಎಲ್ಲ ಗಂಡಸರ ಲೆಕ್ಕವೇ ಆಯಿತು, ನಮ್ಮದನ್ನೂ ಹೇಳುತ್ತೇನೆ. ನಾನು ಪವರ್‌ಲಿಫ್ಟಿಂಗ್ ಮಾಡುತ್ತೇನೆ, ಹುಡುಗಿಯರಿಗೆ ಹೇಳಿಕೊಡುತ್ತೇನೆ ಕೂಡ. 2019ರಲ್ಲಿ ಅದೇ ಟಿನ್ಸ್‌ಲಿ ತಂಡ ತೂಕ ಎತ್ತುವ 40 ಹೆಂಗಸರನ್ನು ಎಂಟು ವಾರ ನೋಡಿತು. ಮಧ್ಯಾಹ್ನ 12ರಿಂದ ರಾತ್ರಿ 8ರ ವಿಂಡೋ, ಪ್ರೋಟೀನ್ ಸಾಕಷ್ಟು. ಉಪವಾಸದವರಿಗೂ ಮಾಮೂಲಿ ತಿಂದವರಿಗೂ ಸ್ನಾಯು, ಬಲ ಒಂದೇ ರೀತಿ ಏರಿತು. ಹಾಗಾಗಿ ಹೆಂಗಸರಿಗೆ ಉಪವಾಸ ಆಗುವುದೇ ಇಲ್ಲ ಅಂತ ಹೆದರಿಸುವುದು ಬೇಡ.

ಆದರೆ ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ನೋಡುವುದೇನೆಂದರೆ, ವಿಂಡೋ ಜೊತೆ ತಟ್ಟೆಯೂ ಚಿಕ್ಕದಾಗುತ್ತದೆ. ಎಂಟು ಗಂಟೆ ಆರಾಗುತ್ತದೆ, ಆರು ನಾಲ್ಕಾಗುತ್ತದೆ. ಬೆಳಗ್ಗೆ ತಿನ್ನದಿರುವುದು ಅಭ್ಯಾಸವಾಗಿ, ಮಧ್ಯಾಹ್ನವೂ ಹಸಿವಿಲ್ಲ ಅನ್ನುತ್ತಾರೆ. ಆಮೇಲೆ ಮುಟ್ಟು ತಡವಾಗುತ್ತದೆ, ನಿಂತೂ ಹೋಗುತ್ತದೆ. ಇದನ್ನು "ತೂಕ ಇಳಿಸುವಾಗ ಹಾಗೇ" ಅಂತ ಬಿಡಬೇಡಿ. ದೇಹಕ್ಕೆ ವ್ಯಾಯಾಮ ಕಳೆದು ಉಳಿಯುವ ಶಕ್ತಿ ಸಾಲದೆ ಇದ್ದಾಗ ಹೀಗಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಮೂಳೆ ಬಡವಾಗುತ್ತದೆ, ಗಾಯ ಬೇಗ ವಾಸಿಯಾಗದು, ಗಂಡಸರನ್ನೂ ಬಿಡುವುದಿಲ್ಲ. ಮುಟ್ಟು ತಪ್ಪಿದರೆ ಮೊದಲು ಕ್ಯಾಲೊರಿ ಏರಿಸಿ, ವೈದ್ಯರನ್ನು ನೋಡಿ. ಉಪವಾಸದ ಮಾತು ಆಮೇಲೆ.

ಊಟದ ವಿಷಯದಲ್ಲಿ ಹಿಂದೆ ತೊಂದರೆ ಅನುಭವಿಸಿದವರು, ಅಂದರೆ ತಿನ್ನಲು ಹೆದರುವುದು, ಒಂದೇ ಸಲ ಅತಿಯಾಗಿ ತಿಂದು ಪಶ್ಚಾತ್ತಾಪ ಪಡುವುದು, ಇವೆಲ್ಲ ಇದ್ದವರು ದಯವಿಟ್ಟು ಇದರ ತಂಟೆಗೆ ಹೋಗಬೇಡಿ. ಗರ್ಭಿಣಿಯರು, ಹಾಲೂಡಿಸುವವರು, ಇನ್ನೂ ಬೆಳೆಯುತ್ತಿರುವ ಮಕ್ಕಳು ಕೂಡ.

ಔಷಧಿಪೆಟ್ಟಿಗೆ

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ, ಇದು ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಡಯಾಬಿಟಿಸ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ನುಂಗುವವರು ಇದನ್ನು ಓದಿ ತಾವಾಗಿಯೇ ಶುರು ಮಾಡಬೇಡಿ. ಊಟ ಇಲ್ಲ, ಔಷಧಿ ಇದೆ, ಮೇಲೆ ಭಾರದ ವರ್ಕೌಟ್. ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ಬಾರ್ ಕೆಳಗೆ ಇರುವಾಗ ಹಾಗಾದರೆ ಏನಾಗಬಹುದು ಯೋಚಿಸಿ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ತೆಗೆದುಕೊಳ್ಳುವವರಿಗೆ ಬೇರೆಯದೇ ಅಪಾಯ: ರಕ್ತದಲ್ಲಿ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಬಹುದು. ಮೀಟರ್ ನೋಡಿ ಸರಿಯಾಗಿದೆ ಅಂದುಕೊಂಡು ಕೂತಿರುತ್ತೀರಿ, ಒಳಗೆ ಕೆಡುತ್ತಿರುತ್ತದೆ. ಡೋಸ್ ಬದಲಿಸುವುದು ಮೊದಲು, ಉಪವಾಸ ಆಮೇಲೆ. ಅದೂ ನಿಮ್ಮ ವೈದ್ಯರ ಮುಂದೆ ಕೂತು.

ತೆಳ್ಳಗಿನಕೈ

ನನ್ನದು ಉಲ್ಟಾ ಪ್ರಶ್ನೆ. ನಾನು ಸಣಕಲು, 58 ಕೆಜಿ. ಕೊಬ್ಬು ಏರದೆ ಸ್ನಾಯು ಮಾತ್ರ ಏರಲಿ ಅಂತ 16:8 ಮಾಡಬಹುದಾ?

ಹಳೇಜಿಮ್

ಬೇಡ ಮಗಾ. ಇಲ್ಲಾದರೂ ನನ್ನ ಮಾತು ಕೇಳು. ನಿನ್ನ ತೊಂದರೆ ಜಾಸ್ತಿ ತಿನ್ನುವುದಲ್ಲ, ಕಡಿಮೆ ತಿನ್ನುವುದು. ಎದ್ದಾಗಿಂದ ಮಲಗುವ ತನಕ ನಾಲ್ಕು ಸಲ ತಿನ್ನು.

ಕಬ್ಬಿಣಶಾಲೆ

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ತೂಕ ಏರಿಸಬೇಕಾದವರು ತಿನ್ನುವ ಹೊತ್ತನ್ನು ಕಡಿಮೆ ಮಾಡುವುದರಲ್ಲಿ ಅರ್ಥವೇ ಇಲ್ಲ. ಉಪವಾಸ ಇರುವುದು ತಿನ್ನುವುದನ್ನು ಹಿಡಿತದಲ್ಲಿ ಇಡಲು. ಕ್ಯಾಲೊರಿ ಒಂದೇ ಇದ್ದರೆ ಗಡಿಯಾರ ಹೆಚ್ಚುವರಿಯಾಗಿ ಕರಗಿಸುವುದು ತೀರ ಕಡಿಮೆ. 2022ರಲ್ಲಿ ಚೀನಾದಲ್ಲಿ ಬೊಜ್ಜಿರುವ 139 ಜನರನ್ನು ಒಂದು ವರ್ಷ ನೋಡಿದರು. ಎಲ್ಲರಿಗೂ ಕ್ಯಾಲೊರಿ ಕಡಿತ, ಅರ್ಧ ಜನರಿಗೆ ಮಾತ್ರ ಎಂಟು ಗಂಟೆಯ ವಿಂಡೋ. ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಬರಲಿಲ್ಲ.

ಇನ್ನೊಂದನ್ನು ಎಲ್ಲರೂ ನೆನಪಿಡಿ. 2020ರಲ್ಲಿ ಅಮೆರಿಕದಲ್ಲಿ 116 ಜನರ ಪ್ರಯೋಗ ನಡೆಯಿತು. 12ರಿಂದ 8, ಹನ್ನೆರಡು ವಾರ. ಏನು ತಿನ್ನಬೇಕು, ಎಷ್ಟು ಪ್ರೋಟೀನ್, ವ್ಯಾಯಾಮ ಮಾಡಬೇಕಾ, ಯಾವುದನ್ನೂ ಹೇಳಲಿಲ್ಲ. ಸುಮಾರು ಒಂದು ಕೆಜಿ ಇಳಿಯಿತು. ಸ್ಕ್ಯಾನ್ ಮಾಡಿಸಿಕೊಂಡ 50 ಜನರಲ್ಲಿ ಉಪವಾಸದವರು ಕಳೆದುಕೊಂಡ ತೂಕದ ಸುಮಾರು 65 ಪ್ರತಿಶತ ಕೊಬ್ಬಲ್ಲ, ಲೀನ್ ಮಾಸ್, ಅಂದರೆ ಸ್ನಾಯು, ನೀರು ಥರದ ಕೊಬ್ಬಲ್ಲದ ತೂಕ. ಮೋರೋ ಅವರದೂ 16:8, ಇದೂ 16:8. ಅಲ್ಲಿ ಬಾರ್ ಇತ್ತು, ಪ್ರೋಟೀನ್ ಇತ್ತು. ಇಲ್ಲಿ ಎರಡನ್ನೂ ಅವರವರಿಗೇ ಬಿಟ್ಟಿದ್ದರು.

ಬೆಂಚ್‌ಪ್ರಿಯ

ಸ್ವಲ್ಪ ದಿನ ಮಾಡಿ ನೋಡಿ ಬರೆಯೋಣ ಅಂತ ಸುಮ್ಮನಿದ್ದೆ. ವರ್ಕೌಟ್ ದಿನ 7.30ಕ್ಕೆ ವೇ, ಎರಡು ಮೊಟ್ಟೆ. 12.30ಕ್ಕೆ ಊಟ. ಮನೆಯವರೆಲ್ಲ ರಾತ್ರಿ ಒಟ್ಟಿಗೆ ಊಟ ಮಾಡುತ್ತೇವೆ, ಅದನ್ನು ಬಿಡಲು ಮನಸ್ಸಿಲ್ಲ. ಹಾಗಾಗಿ 6.30ಕ್ಕೆ ಎಲ್ಲರೂ ಬೇಗ ಕೂರುತ್ತೇವೆ. ವಿಂಡೋ ಹನ್ನೊಂದು ಗಂಟೆ ಆಯಿತು. ವರ್ಕೌಟ್ ಇಲ್ಲದ ದಿನ ಹಳೇ 12ರಿಂದ 8, ಆದರೆ ಪ್ರೋಟೀನ್ ಅಷ್ಟೇ. ರೆಪ್ ಇಳಿಯುವುದು ನಿಂತಿದೆ. ಸೊಂಟ ಇನ್ನೂ ಇಳಿಯುತ್ತಿದೆ, ಮೊದಲಿಗಿಂತ ನಿಧಾನ. ಹನ್ನೊಂದು ಗಂಟೆಗೆ ಇನ್ನೂ ಉಪವಾಸ ಅನ್ನಬಹುದಾ ಗೊತ್ತಿಲ್ಲ.

ಕಬ್ಬಿಣಶಾಲೆ

ಹೆಸರು ಏನಾದರೂ ಇರಲಿ. ನಿಧಾನ ಆಗಿದ್ದೂ ಒಳ್ಳೆಯದೇ. ವಾರಕ್ಕೆ ದೇಹದ ತೂಕದ 0.5ರಿಂದ 1 ಪ್ರತಿಶತ ಇಳಿದರೆ ಸಾಕು, ನಿಮಗೆ 400ರಿಂದ 800 ಗ್ರಾಂ. ಅದಕ್ಕಿಂತ ಜೋರಾಗಿ ಇಳಿದರೆ ಸ್ನಾಯುವೂ ಜೊತೆಗೆ ಹೋಗಲು ಶುರುವಾಗುತ್ತದೆ. ಅಂದಹಾಗೆ ತೂಕ ಇಳಿಸುವಾಗ ಮೊದಲ ಪೆಟ್ಟು ಬೀಳುವುದು ಬೆಂಚಿಗೇ ಅನ್ನುವುದು ಎಷ್ಟೋ ಲಿಫ್ಟರ್‌ಗಳ ಅನುಭವ. ಒಂದು ರೆಪ್ ಹೋದರೆ ಗಾಬರಿ ಬೇಡ. ಬೆಂಚ್, ಸ್ಕ್ವಾಟ್, ರೋ ಮೂರೂ ಒಟ್ಟಿಗೆ ಎರಡು ಮೂರು ವಾರ ಇಳಿಯುತ್ತಾ ಹೋದರೆ ಆಗ ಕ್ಯಾಲೊರಿ ಏರಿಸಿ. ಭಾರ ಮಾತ್ರ ಕಡಿಮೆ ಮಾಡಬೇಡಿ. ಸುಸ್ತಾದರೆ ಸೆಟ್ ಕಡಿಮೆ ಮಾಡಿ, ಬಾರ್ ಮೇಲಿನ ತೂಕ ಹಾಗೇ ಇರಲಿ. ಸ್ನಾಯು ಉಳಿಯಬೇಕು ಅಂತ ದೇಹಕ್ಕೆ ಹೇಳುವುದು ಆ ಭಾರವೇ.

ನಿದ್ದೆ ಎಷ್ಟು?

ಬೆಂಚ್‌ಪ್ರಿಯ

ಐದೂವರೆ, ಆರು ಗಂಟೆ. ಬೆಳಗ್ಗೆ ಬೇಗ ಏಳಬೇಕಲ್ಲ.

ಪ್ರಯೋಗಾಲಯ

ಅದನ್ನು ಸರಿ ಮಾಡಿ, ವಿಂಡೋಗಿಂತ ಮೊದಲು. 2010ರ ಒಂದು ಚಿಕ್ಕ ಪ್ರಯೋಗದಲ್ಲಿ, ಕ್ಯಾಲೊರಿ ಕಡಿತ ಮಾಡಿದ ಅದೇ ಜನರನ್ನು ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ನಿದ್ದೆ ಕಡಿಮೆಯಾದಾಗ ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಯಾಯಿತು, ಲೀನ್ ಮಾಸ್ ಹೋದದ್ದು ಜಾಸ್ತಿಯಾಯಿತು. ಈಗ ಊಟ 6.30ಕ್ಕೇ ಮುಗಿಯುತ್ತದಲ್ಲ, 9.30ಕ್ಕೆ ಮಲಗಿ.

ರಾತ್ರಿಪಾಳಿ

ಕೊನೆಗೆ ನನ್ನದೂ ಒಂದು ಪ್ರಶ್ನೆ. ನಾನು ಬೇಕಾದಷ್ಟು ಇಳಿಸಿ ಆಯಿತು. 16:8 ನಿಲ್ಲಿಸಿ ಮಾಮೂಲಿಗೆ ಬಂದ ಎರಡೇ ದಿನದಲ್ಲಿ ಒಂದೂವರೆ ಕೆಜಿ ಏರಿತು. ಮಾಡಿದ್ದೆಲ್ಲ ಹೋಯಿತು ಅನಿಸಿ ಮತ್ತೆ ಉಪವಾಸಕ್ಕೆ ಓಡುವ ಹಾಗಾಗಿದೆ.

ಪ್ರಯೋಗಾಲಯ

ಓಡಬೇಡಿ. ಅದು ಕೊಬ್ಬಲ್ಲ. ಕ್ಯಾಲೊರಿ, ಕಾರ್ಬ್ ಏರಿಸಿದಾಗ ಸ್ನಾಯು ಗ್ಲೈಕೋಜನ್ ತುಂಬಿಕೊಳ್ಳುತ್ತದೆ, ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಕರುಳಿನಲ್ಲಿರುವ ಊಟದ ತೂಕವೂ ಸೇರುತ್ತದೆ. ಒಂದೂವರೆ ಕೆಜಿ ಆಗಲು ಅಷ್ಟು ಸಾಕು. ದಿನಕ್ಕೆ 100ರಿಂದ 200 ಕ್ಯಾಲೊರಿ ಮಾತ್ರ ಏರಿಸಿ, ಒಂದೆರಡು ವಾರ ಅಲ್ಲೇ ನಿಲ್ಲಿ, ತೂಕ ನಿಂತರೆ ಇನ್ನಷ್ಟು ಏರಿಸಿ. ಆ ಏರಿಸಿದ್ದನ್ನು ವರ್ಕೌಟ್‌ನ ಹಿಂದೆ ಮುಂದೆ ತಿನ್ನಿ. ತಕ್ಕಡಿಯನ್ನು ವಾರದ ಸರಾಸರಿಯಲ್ಲಿ ನೋಡಿ, ಸೊಂಟದ ಟೇಪನ್ನು ಹೊಕ್ಕುಳ ಮಟ್ಟದಲ್ಲಿ, ಬೆಳಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ ಸುತ್ತಿ. ಟೇಪ್ ಏರದಿದ್ದರೆ ತಿನ್ನುತ್ತಾ ಹೋಗಿ.